ವೆಂಕಮ್ಮ ಮುಟ್ಟದ ಕುಂಬಳಗಡಗಿ

ದೀಪಾವಳಿ ಪಾಡ್ಯದ ಬೆಳಗು. ರಾಯಚೂರಿನ ಸ್ಟೇಷನ್ ಹಿಂದಿನ ಓಣಿಯಲ್ಲಿ ವೆಂಕಮ್ಮ ತನ್ನದೇ ಅಡುಗೆಮನೆಯ ಹೊಸ್ತಿಲಿನ ಈಚೆಗೆ ಮಣೆ ಹಾಕಿಕೊಂಡು ಕೂತಿದ್ದಳು. ಮನೆ ಅವಳದು, ಒಲೆ ಅವಳದು, ಒಲೆಯ ಮೇಲಿನ ಹೊಸ ಪಾತ್ರೆಗಳೂ ಅವಳೇ ಬಜಾರಿನಿಂದ ಹೊತ್ತು ತಂದವು. ಒಳಗೆ ನಿಂತು ಸೌಟು ಹಿಡಿದವನು ಮಾತ್ರ ಸಿರವಾರದ ಅಮರಯ್ಯ. ಆ ಸುತ್ತಿನ ಲಿಂಗಾಯತರ ಮದುವೆ, ಗೃಹಪ್ರವೇಶಗಳಿಗೆಲ್ಲ ಅಡುಗೆ ಮಾಡುವ ಜಂಗಮ.

“ಉಪ್ಪು ಎಷ್ಟು ಹಾಕ್ಲಿ ಯವ್ವಾ?”

“ಒಂದು ಹಿಡಿ ಹಾಕ್ರಿ. ತಡೀರಿ ತಡೀರಿ, ನಿಮ್ಮ ಹಿಡಿ ದೊಡ್ಡದದ. ಅರ್ಧಾ ಹಾಕ್ರಿ.”

ವೆಂಕಮ್ಮ ಕತ್ತು ಚಾಚಿ ನೋಡಿದಳು. ಕಾಲು ಚಾಚಲಿಲ್ಲ.

ಅವತ್ತು ಮಧ್ಯಾಹ್ನ ಮಗಳು ವಿಶಾಖಾಳ ಅತ್ತೆ ಮಾವ ಮೊದಲ ಸಲ ಊಟಕ್ಕೆ ಬರುವವರಿದ್ದರು. ಮದುವೆಯಾಗಿ ವರ್ಷ ದಾಟಿದರೂ ಸಿರವಾರದ ಆ ಮನೆಯ ಬಾಗಿಲು ವಿಶಾಖಾಳಿಗೆ ತೆರೆದಿರಲಿಲ್ಲ. ಈಗ ಅವಳು ಬಸುರಿ. ಬೀಗರು ಬಂದು ಎಲೆಯ ಮುಂದೆ ಕೂತು ಉಂಡರೆ ಬಾಗಿಲು ತೆರೆದಂತೆ, ನೀರು ಕುಡಿದು ಎದ್ದರೆ ಮುಚ್ಚಿದಂತೆ. ವೆಂಕಮ್ಮ ಇಷ್ಟನ್ನೇ ತಿಳಿದುಕೊಂಡಿದ್ದಳು. ಉಣ್ಣದೆ ಏಳಲು ಅವರಿಗೆ ಒಂದೇ ಒಂದು ನೆಪವೂ ಸಿಗಬಾರದೆಂದು ಅವಳು ತನ್ನ ಕೈಯನ್ನೇ ಅಡುಗೆಯಿಂದ ತೆಗೆದಿಟ್ಟಳು.

ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬೀಗರು ಹೇಳಿರಲಿಲ್ಲ, ಅಳಿಯ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇಲ್ಲದ ಹಾಗೆ ಒಂದು ಜೀವವನ್ನು ಪಳಗಿಸಿಟ್ಟಿರುತ್ತೇವಲ್ಲ, ಅದಕ್ಕಿಂತ ದೊಡ್ಡ ಪಾಪ ಈ ನಾಡಿನಲ್ಲಿ ಇನ್ನಾವುದಿದೆ?

ಅವಳನ್ನು ಹೇಗೆ ಪಳಗಿಸಿದರು, ಅದನ್ನು ಹೇಳಬೇಕು.

ವೆಂಕಮ್ಮ ಹುಟ್ಟಿದ್ದು ದೇವದುರ್ಗ ತಾಲೂಕಿನ ಗಬ್ಬೂರಿನ ಊರಾಚೆಯ ಕೇರಿಯಲ್ಲಿ. ತಾಯಿ ಯಮನಮ್ಮ ಸುಗ್ಗಿ ಬಂತೆಂದರೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಸಿರವಾರದ ಅಕ್ಕಿ ಗಿರಣಿಗೆ ದುಡಿಯಲು ಹೋಗುತ್ತಿದ್ದಳು. ಹೆಣ್ಣಾಳುಗಳೆಲ್ಲ ಗಿರಣಿಯ ಹಿಂದೆ ತಟ್ಟಿ ಕಟ್ಟಿಕೊಂಡು ಅಲ್ಲೇ ಇರುತ್ತಿದ್ದರು. ಅಂಗಳದಲ್ಲಿ ಚೆಲ್ಲಿದ ನುಚ್ಚನ್ನು ಸಂಜೆ ಬಳಿದುಕೊಳ್ಳಲು ಸಾಹುಕಾರರು ಬಿಡುತ್ತಿದ್ದರು. ಅದು ಅವರ ದೊಡ್ಡ ಮನಸ್ಸು ಎಂದು ಊರು ಹೇಳುತ್ತಿತ್ತು. ಮಣ್ಣು ಕಲೆತ ನುಚ್ಚಿಗೂ ಒಂದು ದೊಡ್ಡ ಮನಸ್ಸು ಬೇಕಾಗುತ್ತಿತ್ತು, ನೋಡಿ.

ಗಿರಣಿಯ ಬೆನ್ನಿಗೆ ಭತ್ತದ ಹೊಟ್ಟಿನ ಗುಡ್ಡೆ. ಮೇಲೆ ಬೂದಿ, ಒಳಗೆ ಕೆಂಡ. ದಿನಗಟ್ಟಲೆ ಸದ್ದಿಲ್ಲದೆ ಉರಿಯುತ್ತಿತ್ತು. ಹಬ್ಬ ಬಂದರೆ ಊರಿಗೆ ಹೋಗಲು ಬಿಡುವಿಲ್ಲ, ಬಾಡು ತರುವ ಶಕ್ತಿಯಿಲ್ಲ. ಯಮನಮ್ಮ ಬೇಲಿಯ ಮೇಲೆ ಹಬ್ಬಿದ ಬಳ್ಳಿಯಿಂದ ಒಂದು ಸಣ್ಣ ಕುಂಬಳಕಾಯಿ ಕಿತ್ತು ತರುತ್ತಿದ್ದಳು. ಇಡೀ ಕುಂಬಳಕ್ಕೆ ಮೊದಲ ಪೆಟ್ಟು ಗಂಡಸೇ ಹಾಕಬೇಕು, ಹೆಂಗಸು ಹಾಕಬಾರದು ಅನ್ನುವ ನೇಮ ಊರಲ್ಲಿತ್ತು. ಗಿರಣಿ ಹಿಂದಿನ ತಟ್ಟಿಗೆ ಯಾವ ಗಂಡಸು ಬರಬೇಕು? ಅವಳೇ ಕುಡುಗೋಲು ಹಿಡಿದು ತೊಟ್ಟಿನ ಕಡೆ ಟೊಪ್ಪಿಗೆಯ ಹಾಗೆ ಕೊಯ್ಯುತ್ತಿದ್ದಳು. ಬೀಜ ತಿರುಳು ತೆಗೆದು, ಒಳಗೆಲ್ಲ ಉಪ್ಪು ಖಾರ ಸವರಿ, ಅರೆಬೆಂದ ನುಚ್ಚಿಗೆ ಹುರಿದ ಶೇಂಗಾ, ಗುರೆಳ್ಳು ಪುಡಿ, ಹುಣಸಿ ಹುಳಿ, ಉಳ್ಳಾಗಡ್ಡಿ ಬೆರೆಸಿ ತುಂಬುತ್ತಿದ್ದಳು. ಟೊಪ್ಪಿಗೆ ಮುಚ್ಚಿ, ಸುತ್ತ ಜೋಳದ ಹಿಟ್ಟಿನಿಂದ ಮೆತ್ತಿ, ಹೊಟ್ಟಿನ ಗುಡ್ಡೆಯಲ್ಲಿ ಹೂತಿಟ್ಟರೆ ಹೊತ್ತು ಇಳಿಯುವಾಗ ಮೇಲೆ ಕಪ್ಪಗೆ, ಒಳಗೆ ಜೇನಿನ ಬಣ್ಣಕ್ಕೆ ಬೆಂದಿರುತ್ತಿತ್ತು. ಅದಕ್ಕೆ ಅವರು ಕುಂಬಳಗಡಗಿ ಅನ್ನುತ್ತಿದ್ದರು. ಗಡಗಿ ಅಂದರೆ ಮಡಕೆ. ಮಡಕೆಯೂ ಅದೇ, ಮಡಕೆಯೊಳಗಿನ ಊಟವೂ ಅದೇ.

ವೆಂಕಮ್ಮ ದೊಡ್ಡವಳಾಗಿ ಸುಂಕಪ್ಪನನ್ನು ಮದುವೆಯಾಗಿ ಮಾನ್ವಿಗೆ ಬಂದಳು. ಸುಂಕಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ಮೂಟೆ ಹೊರುವ ಹೆಗಲು, ಪೇಪರು ಓದುವ ಕಣ್ಣು. ಗೆಳೆಯರ ಜೊತೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದು, ಹುಟ್ಟಿದ ಮಗಳಿಗೆ ವಿಶಾಖಾ ಅಂತ ಹೆಸರಿಟ್ಟ. ಹೆಂಡತಿಯ ಎಲ್ಲಮ್ಮನನ್ನು ಮಾತ್ರ ಜಗಲಿಯಿಂದ ಇಳಿಸಲಿಲ್ಲ. “ನಿನ್ನ ಎಲ್ಲಮ್ಮಗ ಹೇಳು, ನಮ್ಮ ಬುದ್ಧನ ಜೋಡಿ ಜಗಳಾ ತಗೀಬ್ಯಾಡ ಅಂತ. ಜಾಗಾ ಸಣ್ಣದದ” ಎಂದು ನಗುತ್ತಿದ್ದ.

ಮಾನ್ವಿಯ ಒಂದು ಹುಡುಗಿಯರ ಹಾಸ್ಟೆಲ್ಲಿನಲ್ಲಿ ವೆಂಕಮ್ಮನಿಗೆ ಅಡುಗೆ ಕೆಲಸ ಸಿಕ್ಕಿತು. ಅಲ್ಲಿ ಅವಳು ಹಿಗ್ಗಿ ಬಾಳಿದ ದಿನಗಳೂ ಇದ್ದವು. ಒಂದು ದೀಪಾವಳಿಗೆ, ಕರೆದೊಯ್ಯುವವರಿಲ್ಲದೆ ಉಳಿದುಬಿಟ್ಟ ಹುಡುಗಿಯರು ಮೋರೆ ಜೋತುಹಾಕಿಕೊಂಡು ಕೂತಿದ್ದಾಗ ಅವಳು ಉಗ್ರಾಣದಲ್ಲಿದ್ದ ಕುಂಬಳಕಾಯಿಗಳನ್ನೆಲ್ಲ ತುಂಬಿ ಬೇಯಿಸಿ, ಒಂದೊಂದು ತಾಟಿಗೆ ಒಂದೊಂದು ಗಡಗಿ ಇಟ್ಟಳು. ಟೊಪ್ಪಿಗೆ ಎತ್ತಿದರೆ ಹಬೆ. ಹುಡುಗಿಯರು ಕೂಗಾಡಿದರು. ಯಾರೋ ಒಬ್ಬಳು ಟೊಪ್ಪಿಗೆಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಕುಣಿದಳು. ಮುಂದಿನ ವರ್ಷಗಳಲ್ಲಿ, ಮನೆ ಇದ್ದ ಹುಡುಗಿಯರೂ ಊರಿಗೆ ಹೋಗುವುದನ್ನು ತಡಮಾಡುತ್ತಿದ್ದರು.

ಆಮೇಲೆ ಯಾರೋ ಹುಡುಗಿಯರ ತಂದೆ ತಾಯಿಗಳು ಬಂದು ಮೇಲ್ವಿಚಾರಕಿಯ ಕೋಣೆಯಲ್ಲಿ ಕೂತು ಮಾತಾಡಿ ಹೋದರು. ಮರುದಿನ ಮೇಲ್ವಿಚಾರಕಿ ವೆಂಕಮ್ಮನನ್ನು ಕರೆದಳು.

“ವೆಂಕಮ್ಮಾ, ನಿನ್ನ ಕೆಲಸದ ಮ್ಯಾಲ ಏನೂ ತಕರಾರಿಲ್ಲ ಮತ್ತ. ಜರಾ ಹೊರಗ ಕುಂತು ಮಾಡು, ಅಷ್ಟ. ಒಲಿ ಮುಂದ ಉಮಾದೇವಿ ಇರ್ತಾಳ.”

ಉಮಾದೇವಿ ಒಳ್ಳೆಯ ಹೆಂಗಸೇ. ನೂರು ಮಂದಿಗೆ ಬೇಯಿಸಿ ಮಾತ್ರ ಗೊತ್ತಿರಲಿಲ್ಲ. “ಅಕ್ಕಾ, ನೀರು ಎಷ್ಟ ಇಡ್ಲಿ? ಅಕ್ಕಾ, ಬೇಳಿ ಇಷ್ಟು ಬೆಂದ್ರ ಸಾಕೇನು?” ವೆಂಕಮ್ಮ ಹೊಸ್ತಿಲಾಚೆ ಕೂತು ಹೇಳಿದಳು, ಉಮಾದೇವಿ ಹಾಕಿದಳು, ಹುಡುಗಿಯರು ಉಂಡರು. ರುಚಿ ವೆಂಕಮ್ಮನದು, ಹೆಸರು ಉಮಾದೇವಿಯದು. ಅಸ್ಪೃಶ್ಯತೆ ಅಪರಾಧ ಎಂದು ಬರೆದ ಫಲಕ ಊಟದ ಕೋಣೆಯ ಗೋಡೆಯ ಮೇಲೇ ಇತ್ತು. ಅದರ ಕೆಳಗೇ ಪಂಕ್ತಿ ನಡೆಯುತ್ತಿತ್ತು.

ಸುಂಕಪ್ಪ ಉರಿದುಬಿದ್ದ. “ಅರ್ಜಿ ಕೊಡೂಣು ನಡಿ. ಸುಮ್ಮ ಕುಂದ್ರಬಾರದು.”

“ಅರ್ಜಿ ಕೊಟ್ರ ಅವರು ಮಕ್ಕಳ್ನ ಬಿಡಿಸ್ಕೊಂಡು ಹೋಗ್ತಾರ. ಆ ಹುಡುಗ್ಯಾರ ಓದು ಏನಾಗ್ಬೇಕು? ಉಂಡ್ರ ಸಾಕು ತಗಿ.”

ಉಂಡರೆ ಸಾಕು. ಆ ಒಂದು ಮಾತನ್ನು ಊರುಗೋಲಿನ ಹಾಗೆ ಹಿಡಿದು ಅವಳು ಕೆಲಸ ಮುಗಿಯುವ ತನಕ ನಡೆದಳು. ಅವಳ ತಾಳ್ಮೆಯನ್ನು ಹೊಗಳುವ ಮಂದಿ ಇದ್ದಾರೆ. ಅವರ ಹೊಗಳಿಕೆಗೆ ಬೆಂಕಿ ಬೀಳಲಿ. ಅಷ್ಟು ವರ್ಷ ಹೊಸ್ತಿಲ ಈಚೆ ಕೂತವಳಿಗೆ ಒಂದು ದಿನ ಆ ಗೆರೆ ಬೇರೆಯವರು ಎಳೆದದ್ದು ಎಂಬುದೇ ಮರೆತುಹೋಯಿತು.

ಸುಂಕಪ್ಪ ತೀರಿಕೊಂಡ. ಕೆಲಸ ಮುಗಿದ ಮೇಲೆ ವೆಂಕಮ್ಮ ರಾಯಚೂರಿಗೆ ಬಂದು ಸಣ್ಣದೊಂದು ಮನೆ ಮಾಡಿಕೊಂಡಳು. ವಿಶಾಖಾ ಇಲ್ಲೇ ಓದಿ, ದೇವದುರ್ಗದ ಹೈಸ್ಕೂಲಿಗೆ ಟೀಚರ್ ಆದಳು. ಜೊತೆಗೆ ಓದಿದ ಬಸವಪ್ರಸಾದನನ್ನು ರಿಜಿಸ್ಟರ್ ಮದುವೆಯಾದಳು. ಹುಡುಗ ಸಿರವಾರದ ಅಕ್ಕಿ ಗಿರಣಿಯ ಮುದುಕಪ್ಪ ಸಾಹುಕಾರರ ಮಗ. ಅದೇ ಗಿರಣಿ. ತಂದೆ ಮಾತು ಬಿಟ್ಟರು. ಹುಡುಗ ಗಿರಣಿ ಬಿಟ್ಟು ದೇವದುರ್ಗದ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿ, ಇಬ್ಬರೂ ಅಲ್ಲೇ ಬಾಡಿಗೆ ಮನೆ ಹಿಡಿದರು.

ಹಬ್ಬಕ್ಕೆ ಮುಂಚೆ ಮಗಳ ಫೋನು ಬಂತು. “ಯವ್ವಾ, ನಮ್ಮತ್ತಿ ಮಾವ ಪಾಡ್ಯಾಕ್ಕ ನಿನ್ನ ಮನಿಗೆ ಬರ್ತಾರಂತ. ಅತ್ತೀನ ಹಟಾ ಹಿಡದಾಳಂತ, ಬೀಗತಿ ಮನ್ಯಾಗ ಉಂಡ ಬರ್ತೀನಿ ಅಂತ.”

ವೆಂಕಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. “ಏನ್ ಮಾಡ್ಲೇ ಯವ್ವಾ ನಾನು?”

“ಏನ್ ಮಾಡ್ತಿ, ಬದನಿಕಾಯಿ ಎಣ್ಣಿಗಾಯಿ, ಹೋಳಿಗಿ ಮಾಡು. ಸಾಕು. ಮತ್ತ ಮಾವಾರಿಗೆ ಬೀಗ್ರ ಅನ್ನು. ಸಾವ್ಕಾರ ಅನಬ್ಯಾಡ ಮತ್ತ.”

“ಅದ್ಹ್ಯಾಂಗ ಬದನಿಕಾಯಿ? ನಮ್ಮ ಮನಿ ಹಬ್ಬದಾಗ ಬಾಡು ಇಲ್ಲದಿದ್ರ ಎಲಿ ನಡುವ ದೊಡ್ಡದೊಂದು ಏನರ ಇರಬೇಕು. ಕುಂಬಳಗಡಗಿ ಆಗ್ಲಿ.”

ಆ ವಾರವೆಲ್ಲ ಅವಳು ಮನೆಗೆ ಸುಣ್ಣ ಹಚ್ಚಿದಳು. ಮಾಂಸ ಬೇಯಿಸಿದ ಹಳೆಯ ಪಾತ್ರೆಗಳನ್ನು ಗಂಟು ಕಟ್ಟಿ ಪಕ್ಕದ ಮನೆಯ ತಹಮೀನಾಳ ಹತ್ತಿರ ಇಟ್ಟಳು. ಹೊಸ ಪಾತ್ರೆ, ಹೊಸ ಒಲೆ ಬಂದವು. ಅಷ್ಟಾದ ಮೇಲೂ ಅವಳಿಗೆ ಸಮಾಧಾನವಾಗಲಿಲ್ಲ. ಎಲೆಯ ಮುಂದೆ ಕೂತು ಆ ತಾಯಿಗೆ ಕೈ ಮುಂದೆ ಹೋಗದಿದ್ದರೆ? ಇವತ್ತು ಒಪ್ಪತ್ತು, ಇವತ್ತು ಹೊಟ್ಟೆ ಸರಿ ಇಲ್ಲ ಅಂದರೆ? ಆಗ ಅವಳಿಗೆ ಮಾನ್ವಿಯ ಹಾಸ್ಟೆಲ್ಲಿನ ದಾರಿ ಹೊಳೆಯಿತು. ಬೇರೆ ಕೈ ಇದ್ದರೆ ಎಲ್ಲರೂ ಉಣ್ಣುತ್ತಾರೆ. ಉಂಡರೆ ಸಾಕು.

ಅಡುಗೆಗೆ ಅಮರಯ್ಯನನ್ನು ಕರೆಸಿದ್ದಾಳೆಂದು ಕೇಳಿ ತಹಮೀನಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅರೆ ವೆಂಕಮ್ಮಾ, ತಲಿ ಗಿಲಿ ಕೆಟ್ಟದೇನು ನಿಂದು? ರಂಜಾನ್‍ದಾಗ ನನ್ನ ಮಕ್ಕಳು ನನ್ನ ಬಿರಿಯಾನಿ ಬಿಟ್ಟು ನಿನ್ನ ಶೇಂಗಾ ಹೋಳಿಗಿಗೆ ಓಡಿ ಬರ್ತಾವ. ಆ ಕೈಗೆ ಏನ್ ರೋಗಾ ಬಂದದ?”

“ಅವರು ಸಾವ್ಕಾರ ಮಂದಿ, ತಹಮೀನಾ.”

“ಹೌದವ್ವಾ, ಸಾವ್ಕಾರ ಮಂದಿ ಹೊಟ್ಟ್ಯಾಗ ಬಂಗಾರದ ಕರಳು ಇರ್ತಾವ! ನಿನ್ನ ಮನ್ಯಾಗ ನೀನ ಮೆಹಮಾನ್, ಹೊರಗಿನಾಕಿ, ಆಗಾಕತ್ತೀದಿ, ನೋಡ್ಕೋ.”

ವೆಂಕಮ್ಮ ನಕ್ಕು ಸುಣ್ಣದ ಬಕೀಟು ಎತ್ತಿಕೊಂಡಳು.

ಅಮರಯ್ಯ ನಸುಕಿನಲ್ಲೇ ಬಂದ. ಕೆಟ್ಟ ಮನುಷ್ಯನಲ್ಲ. ಬಾಗಿಲಲ್ಲಿ ನಿಂತು ಮೆಲ್ಲಗೆ, ಬಹಳ ಮೆಲ್ಲಗೆ, “ಯವ್ವಾ, ನೀ ಒಳಗ ಬರದಿದ್ರ ಛಲೋ ನೋಡು. ನಾಳೆ ಊರಾಗ ಯಾರರ ಕೇಳಿದ್ರ ನಾ ಸುಳ್ಳ ಹೇಳಬಾರದಲ್ಲ” ಅಂದ. ಇಂಥ ಮಾತುಗಳನ್ನು ನಮ್ಮಲ್ಲಿ ಯಾರೂ ಜೋರಾಗಿ ಆಡುವುದಿಲ್ಲ.

ಕುಂಬಳಕಾಯಿಗೆ ಮೊದಲ ಪೆಟ್ಟು ಅವನೇ ಹಾಕಿದ. ನುಚ್ಚು ಅವನೇ ಕುದಿಸಿದ. ಶೇಂಗಾ ಹುರಿಯುವಾಗ ಸ್ವಲ್ಪ ಸೀದ ವಾಸನೆ ಬಂತು. ವೆಂಕಮ್ಮ ಮಣೆಯಿಂದ ಅರ್ಧ ಎದ್ದಳು.

“ಉರಿ ಸಣ್ಣ ಮಾಡ್ರಿ! ಕೆಳಗ ಇಳಸ್ರಿ, ಕೆಳಗ!”

“ಇಳಿಸೀನಿ, ಇಳಿಸೀನಿ. ನಿನ್ನ ಮೂಗು ಬಾಳ ಹುಷಾರದ ಯವ್ವಾ.”

ಕುಡಿಯುವ ನೀರನ್ನೂ ನಳದಿಂದ ಅವನೇ ಹಿಡಿದಿಟ್ಟ. ಮೊಸರು ಪಾಕೀಟಿನದು. ಬಾಳೆಲೆ ತೊಳೆದದ್ದೂ ಅವನೇ. ತಾನು ಎಲ್ಲಿಯೂ ತಗುಲದಂತೆ ವೆಂಕಮ್ಮ ಎಷ್ಟು ಎಚ್ಚರ ವಹಿಸಿದಳೆಂದರೆ, ಹೊಸ್ತಿಲ ಹತ್ತಿರ ಉರುಳಿ ಬಂದ ಒಂದು ಉಳ್ಳಾಗಡ್ಡಿಯನ್ನು ಎತ್ತಿ ಒಳಗೆ ಹಾಕದೆ ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು.

ದೇವದುರ್ಗದ ಬಸ್ಸಿಗೆ ಮಗಳೂ ಅಳಿಯನೂ ಬಂದರು. ವಿಶಾಖಾ ಹೊಟ್ಟೆ ಮುಂದು ಮಾಡಿಕೊಂಡು, ಬೆವರು ಒರೆಸಿಕೊಳ್ಳುತ್ತ ನಡುಮನೆಗೆ ಬಂದವಳು ತಾಯಿ ಕೂತ ಜಾಗ ನೋಡಿ ನಿಂತಳು. ಒಳಗೆ ಸೌಟಿನ ಸದ್ದು.

“ಯಾರ ಬೇ ಒಳಗ?”

“ಅಮರಯ್ಯನೋರು. ಸಿರವಾರದೋರು. ನಿಮ್ಮತ್ತಿ ಮನ್ಯಾಗೂ ಅವರ ಮಾಡ್ತಾರಂತ, ಹೌದಲ್ಲೇನ್ರೀ ಅಳಿಯಂದ್ರ?”

ಬಸವಪ್ರಸಾದ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ. ವಿಶಾಖಾ ಚೀಲವನ್ನು ಕೆಳಗಿಟ್ಟಳು. “ನೀ ಮಾಡಿಲ್ಲೇನು?”

“ನಾನ ಹೇಳಿ ಮಾಡಿಸಾಕತ್ತೀನಿ. ಎಲ್ಲಾ ನಂದ ಅಳತಿ.”

“ಯವ್ವಾ, ನಿನಗ ಯಾರು ಹೇಳಿದ್ರು ಇದನ್ನ?”

ವೆಂಕಮ್ಮ ಮಣೆಯಿಂದ ಏಳುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಕಾರಿನ ಹಾರ್ನು ಕೇಳಿತು. ಅವಳು ಸೆರಗು ತಲೆಗೆಳೆದು ಓಡಿದಳು.

“ಬರ್ರಿ ಸಾವ್ಕಾರ, ಬರ್ರಿ ಯವ್ವಾರ.” ಬಾಯಿ ಪಾಠ ಮಾಡಿದ ಮಾತು ಹಾರಿಹೋಗಿ, ಹಳೆಯದೇ ಬಂತು. ವಿಶಾಖಾ ಕಣ್ಣು ಮುಚ್ಚಿಕೊಂಡಳು.

ಮುದುಕಪ್ಪ ದೊಡ್ಡ ಆಳು, ಬಿಳಿ ಧೋತರ. ಹೆಂಡತಿ ಚನ್ನಮಲ್ಲಮ್ಮ ಸಣ್ಣಗೆ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಸೊಸೆಗೆಂದು ತಂದ ಸೀರೆ, ಹೂವು. ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ವೆಂಕಮ್ಮನ ಕಡೆ ತಿರುಗಿ, “ಬೀಗತೇರ, ಬಾಳ ತಡಾ ಮಾಡಿ ಬಂದ್ವಿ, ತಪ್ಪು ತಿಳೀಬ್ಯಾಡ್ರಿ” ಎಂದಳು. ದನಿ ಅಂಜುತ್ತಿತ್ತು. ಈ ಹಟಕ್ಕಾಗಿ ಅವಳು ಮನೆಯಲ್ಲಿ ಏನೇನು ಕೇಳಿಸಿಕೊಂಡು ಬಂದಿದ್ದಳೋ.

ಅಷ್ಟರಲ್ಲಿ ಒಳಗಿನಿಂದ ಅಮರಯ್ಯ ಹೆಗಲ ವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಬಂದ. “ಶರಣ್ರೀ ಸಾವ್ಕಾರ್ರ.”

ಮುದುಕಪ್ಪನ ಮುಖ ಅರಳಿತು. ಗಂಟು ಬಿಚ್ಚಿದ ಮೂಟೆಯ ಹಾಗೆ ಸಡಿಲವಾಗಿ ಕೂತ. “ಏನ್ ಅಯ್ಯನೋರ! ನೀವಿಲ್ಲಿ? ಹಂಗಾದ್ರ ಊಟಾ ಜಬರ್ದಸ್ತ್ ಬಿಡ್ರಿ.”

ಚನ್ನಮಲ್ಲಮ್ಮ ಅಮರಯ್ಯನನ್ನು ನೋಡಿದಳು, ಹೊಸ್ತಿಲ ಹತ್ತಿರದ ಮಣೆಯನ್ನು ನೋಡಿದಳು, ವೆಂಕಮ್ಮನ ಹಿಟ್ಟು ನೀರು ತಾಗದ ಒಣ ಕೈಗಳನ್ನು ನೋಡಿದಳು.

ಎಲೆಗಳು ಬಿದ್ದವು. ನಡುವೆ ಒಂದೊಂದು ಕುಂಬಳಗಡಗಿ. ಅಮರಯ್ಯ ಟೊಪ್ಪಿಗೆ ಎತ್ತಿದ, ಹಬೆ ಎದ್ದಿತು. ಮುದುಕಪ್ಪ ಮೊದಲ ತುತ್ತು ಬಾಯಿಗಿಟ್ಟು ಅಗಿಯುವುದನ್ನೇ ನಿಲ್ಲಿಸಿದ.

“ತಡೀರಿ. ಈ ವಾಸನಿ ನನಗ ಗೊತ್ತದ.” ಅವನು ಕಣ್ಣು ಕಿರಿದು ಮಾಡಿದ. “ನಾ ಸಣ್ಣಾಂವ ಇದ್ದಾಗ ನಮ್ಮ ಗಿರಣಿ ಹಿಂದ ಹೆಣ್ಣಾಳು ಹೊಟ್ಟಿನಾಗ ಇಂಥಾದ ಏನೋ ಸುಡ್ತಿದ್ರು. ವಾಸನಿಗೆ ಬಾಯಾಗ ನೀರು ಬರ್ತಿತ್ತು. ನಮ್ಮಪ್ಪ ಆ ಕಡೆ ಹೋದ್ರ ಕಾಲು ಮುರೀತೀನಿ ಅಂತಿದ್ದ. ಒಮ್ಮೆ ತಿನ್ನಬೇಕು ಅಂತ ಬಾಳ ಆಸಿ ಇತ್ತು ನೋಡ್ರಿ. ಇವತ್ತ ಆತು. ಅಯ್ಯನೋರ, ನಿಮ್ಮ ಪುಣ್ಯಾ!”

ಅಮರಯ್ಯ ಬಾಯಿ ತೆರೆದು, ಮುಚ್ಚಿ, ಇನ್ನೊಂದು ಹೋಳಿಗೆ ಬಡಿಸಿದ. ಆ ಹೆಣ್ಣಾಳುಗಳಲ್ಲಿ ಒಬ್ಬಳ ಮಗಳು ಕಂಬಕ್ಕೆ ಆತು ನಿಂತಿದ್ದಳು. ನಮ್ಮವ್ವನದು ಅದು ಸಾವ್ಕಾರ, ಅನ್ನಬೇಕೆಂದು ಅವಳ ನಾಲಿಗೆಯ ತುದಿಗೆ ಬಂತು. ಅಂದರೆ ಅವನ ಗಂಟಲಲ್ಲಿ ತುತ್ತು ನಿಂತೀತು ಎಂದು ಹೆದರಿ ನುಂಗಿಕೊಂಡಳು. ಉಣಲಿ. ಉಂಡರೆ ಸಾಕು.

ಚನ್ನಮಲ್ಲಮ್ಮ ಮಾತ್ರ ಎಲೆಯ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ಒಮ್ಮೆಲೆ ತಲೆ ಎತ್ತಿದಳು.

“ಬೀಗತೇರ, ಇದ್ರಾಗ ನಿಮ್ಮ ಕೈಲೆ ಮಾಡಿದ್ದು ಯಾವ್ದರೀ?”

ಬಡಿಸುತ್ತಿದ್ದ ಅಮರಯ್ಯನ ಸೌಟು ನಿಂತಿತು.

“ನನ್ನ ಕೈಲೆ...” ವೆಂಕಮ್ಮ ತಡವರಿಸಿದಳು. “ಯಾವುದೂ ಇಲ್ರೀ ಯವ್ವಾರ. ದೇವರಾಣಿ ನಾ ಒಳಗ ಕಾಲಿಟ್ಟಿಲ್ಲ. ಕೇಳ್ರಿ ಅಯ್ಯನೋರ್ನ.”

“ಒಂದು ಚಟ್ನಿ? ಉಪ್ಪಿನಕಾಯಿ?”

“ಇಲ್ರೀ.”

“ಹೋಗ್ಲಿ, ಒಂದು ತಂಬಗಿ ನೀರರ ಕೊಡ್ರಿ.”

“ನೀರೂ ಅವರ ಹಿಡದಿಟ್ಟಾರ್ರೀ. ನೀವೇನೂ ಅಂಜಬ್ಯಾಡ್ರಿ.”

ಧೈರ್ಯ ಹೇಳುತ್ತಿದ್ದೇನೆ ಎಂದುಕೊಂಡೇ ವೆಂಕಮ್ಮ ಅದನ್ನು ಹೇಳಿದಳು. ಆಡಿದ ಮೇಲೆ ಬೀಗತಿಯ ಕಣ್ಣು ನೋಡಿದಳು. ಆಗ ತಿಳಿಯಿತು. ಈ ಹೆಂಗಸು ತಪ್ಪಿಸಿಕೊಳ್ಳಲು ಕೇಳಿದವಳಲ್ಲ, ಉಣ್ಣಲು ಬಂದವಳು. ಇಡೀ ಮನೆಯಲ್ಲಿ ಅವಳಿಗೆ ಕೊಡಲು ತನ್ನ ಕೈಯದೆನ್ನುವ ಒಂದು ಗುಟುಕು ನೀರೂ ಇರಲಿಲ್ಲ.

ಹಾಗೆಂದು ಚನ್ನಮಲ್ಲಮ್ಮನ ಕೊರಳಿಗೆ ಯಾರೂ ಹಾರ ಹಾಕುವುದು ಬೇಡ. ಕೇಳಿದ್ದು ದೊಡ್ಡದು, ನಿಜ. ಆದರೆ ಆಗಲೇ ಎದ್ದು, ಮಣೆಯನ್ನು ಸರಿಸಿ, ಬೀಗತಿಯ ಕೈ ಹಿಡಿದು ಒಲೆಯ ಮುಂದೆ ಕರೆದೊಯ್ಯಬಹುದಿತ್ತು. ಹೋಗಲಿಲ್ಲ. ತಲೆ ಬಗ್ಗಿಸಿ, ಅಮರಯ್ಯ ಬಡಿಸಿದ್ದನ್ನೇ ಉಂಡಳು.

ಊಟವಾಗಿ ಎಲೆ ಅಡಿಕೆ ಬಂತು. ಮುದುಕಪ್ಪ ತೃಪ್ತಿಯಿಂದ ಗೋಡೆಗೆ ಆತುಕೊಂಡ.

“ಆತು, ಹಳೇದೆಲ್ಲಾ ಬಿಡೂಣು. ಸೊಸಿನ್ನ ಸಿರವಾರಕ್ಕ ಕರ್ಕೊಂಡ ಹೋಗ್ತೀವಿ. ಬಸುರಿ ಕುಬಸಾ ಅಲ್ಲೇ, ನಮ್ಮ ಮನ್ಯಾಗ. ಮ್ಯಾಲಿನ ಕೋಣಿ ಅಕಿದ. ಅಡಗಿಮನಿ ಕಡೆ ಮಾತ್ರ ಅಕಿ ಬರೂದು ಬ್ಯಾಡ. ಅಮರಯ್ಯನ ಕಾಯಂ ಇಟ್ಕೊಂತೀವಿ. ಇದನ್ನ ಹ್ಯಾಂಗ ಹೇಳಬೇಕು ಅಂತ ನಾ ವಿಚಾರ ಮಾಡಾಕತ್ತಿದ್ದೆ. ಬೀಗತೇರ ತಾವ ಹಾದಿ ತೋರ್ಸಿದ್ರು. ತಿಳದ ಮನಷಾಳು.”

ವೆಂಕಮ್ಮ ಹೊಸ್ತಿಲ ಹತ್ತಿರದ ಮಣೆಯ ಕಡೆ ನೋಡಿದಳು. ಬಾಗಿಲು ತೆರೆದಿತ್ತು. ಅವಳು ಬೇಡಿಕೊಂಡ ಬಾಗಿಲೇ. ಅದರೊಳಗೆ ಇನ್ನೊಂದು ಹೊಸ್ತಿಲು, ಅದರ ಈಚೆಗೆ ಒಂದು ಮಣೆ, ಮಣೆಯ ಮೇಲೆ ತನ್ನ ಮಗಳು.

ವಿಶಾಖಾ ಗಂಡನ ಕಡೆ ನೋಡಿದಳು. ಅಪ್ಪನನ್ನು ಎದುರು ಹಾಕಿಕೊಂಡು ರಿಜಿಸ್ಟರ್ ಆಫೀಸಿಗೆ ಬಂದ ಹುಡುಗ ಎಲೆಯ ತೊಟ್ಟು ಮುರಿಯುತ್ತ ಕೂತಿದ್ದ. ಮದುವೆಯಾಗಲು ಒಂದು ದಿನದ ಧೈರ್ಯ ಸಾಕು. ಆಮೇಲಿನ ದಿನಗಳಿಗೆ ಎಲ್ಲಿಂದ ತರಬೇಕು ಎಂದು ನಮ್ಮ ಹುಡುಗರಿಗೆ ಯಾವ ಕಾಲೇಜೂ ಕಲಿಸುವುದಿಲ್ಲ.

“ಮಾವಾರ,” ವಿಶಾಖಾಳ ದನಿ ಏರಲಿಲ್ಲ, “ಅಡಗಿ ಮಾಡಾಕ ನನಗ ಮೊದ್ಲ ಬ್ಯಾಸರಾ. ನೀವು ದಿನಾ ಮಾಡ್ಸಿ ಹಾಕಿದ್ರ ಕುಂತು ಉಣ್ಣಾಕಿನ ನಾನು. ಆದ್ರ ಒಲಿ ಮುಟ್ಟಬಾರದು ಅಂದ ಮನಿಗೆ ನಾ ಬರೂದಿಲ್ಲ.”

“ಸಾಲಿ ಕಲ್ತು ಮಾತು ಕಲ್ತೀದಿ. ನಿಮ್ಮವ್ವನ ಒಪ್ಯಾಳ. ನಿನಗೇನದ?”

ವಿಶಾಖಾ ಅಡುಗೆಮನೆಯ ಕಡೆ ತಿರುಗಿದಳು. ಅವ್ವ ಒಪ್ಪಿದ್ದಳು. ಅಡುಗೆಮನೆಯ ತುಂಬ ಅವ್ವ ಒಪ್ಪಿದ್ದರ ವಾಸನೆಯಿತ್ತು.

ಕಾರು ಹೋಯಿತು. ಹತ್ತುವ ಮುಂಚೆ ಚನ್ನಮಲ್ಲಮ್ಮ ಹಿಂದಿರುಗಿ ನೋಡಿದಳು. ಗಂಡ “ಹತ್ತು” ಎಂದ, ಹತ್ತಿದಳು. ಬಸವಪ್ರಸಾದ ಅವರನ್ನು ಸಮಾಧಾನ ಮಾಡಲೆಂದು ಅದೇ ಕಾರಿನಲ್ಲಿ ಹೋದ. ಅಮರಯ್ಯ ತನ್ನ ಚೀಲ ಎತ್ತಿಕೊಂಡು, “ನಾ ಏನ್ ಮಾಡ್ಲಿ ಯವ್ವಾ, ಕರದ್ರ ಬಂದೆ” ಎನ್ನುತ್ತ ಬಸ್‍ಸ್ಟ್ಯಾಂಡಿನ ಕಡೆ ನಡೆದ.

ವಿಶಾಖಾ ಬೆಳಗಿನಿಂದ ಏನೂ ಉಂಡಿರಲಿಲ್ಲ.

“ನಿನಗೊಂದೀಟು ಅನ್ನಾ ಮಾಡಿ ಕೊಡ್ಲೇನು ಯವ್ವಾ?”

“ಈಗ ಮಾಡ್ತೀಯಾ?”

“ಹೊಟ್ಟ್ಯಾಗ ಕೂಸದ...”

“ಆ ಕೂಸಿಗೆ ನಾಳೆ ಏನಂತ ಹೇಳ್ಲಿ ಬೇ? ನಿಮ್ಮಜ್ಜಿ ನೂರಾರು ಮಂದಿಗೆ ಅಡಗಿ ಮಾಡ್ಯಾಳ, ಆದ್ರ ಮಂದಿ ಮುಂದ ಅದನ್ನ ಹೇಳಬ್ಯಾಡ ಅಂತ ಹೇಳ್ಲೇನು?” ಅವಳು ಅಳುತ್ತಿರಲಿಲ್ಲ, ಅದೇ ವೆಂಕಮ್ಮನಿಗೆ ಹೆಚ್ಚು ಹೆದರಿಕೆ ತಂದಿತು. “ಅವರಾಗೇ ಅಂದಿದ್ರ ನಾ ಜಗಳಾ ಆಡ್ತಿದ್ದೆ. ಅದಕ್ಕ ತಯಾರಾಗೇ ಬಂದಿದ್ದೆ. ಅವರ ಬಾಯಾಗ ಬರೂಕಿಂತ ಮೊದಲ ನೀ ಮಾಡಿ ತೋರ್ಸಿದಿ. ನಾ ಯಾರ ಜೋಡಿ ಜಗಳಾ ಆಡ್ಲಿ?”

ಸಂಜೆಯ ಬಸ್ಸಿಗೆ ಅವಳು ಒಬ್ಬಳೇ ದೇವದುರ್ಗಕ್ಕೆ ಹೊರಟಳು. ತಹಮೀನಾ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಟ್ಟಳು. ವಿಶಾಖಾ ಅದನ್ನು ತೆಗೆದುಕೊಂಡಳು.

ವೆಂಕಮ್ಮ ಅಡುಗೆಮನೆಗೆ ಕಾಲಿಟ್ಟಳು. ಉಪ್ಪಿನ ಡಬ್ಬಿ ಎಲ್ಲಿತ್ತೋ ಅಲ್ಲಿರಲಿಲ್ಲ. ಖಾರದ ಡಬ್ಬಿ ಮೇಲೆ ಹೋಗಿತ್ತು, ಎಣ್ಣೆ ಕೆಳಗೆ ಬಂದಿತ್ತು. ಅಮರಯ್ಯ ತನ್ನ ಕೈಗೆ ಅನುಕೂಲವಾಗುವ ಹಾಗೆ ಎಲ್ಲವನ್ನೂ ಜೋಡಿಸಿಕೊಂಡಿದ್ದ. ತನ್ನ ಮನೆಯಲ್ಲಿ ಉಪ್ಪು ಹುಡುಕುತ್ತ ನಿಂತಾಗ ಅವಳಿಗೆ ಅಳು ಬಂತು. ಸುಂಕಪ್ಪ ಸತ್ತಾಗ ಬಂದಂಥ ಅಳು.

ಚಳಿ ಕಳೆಯುವ ಹೊತ್ತಿಗೆ ವಿಶಾಖಾ ಹೆಣ್ಣು ಹೆತ್ತಳು. ಬಾಣಂತನಕ್ಕೆ ಬಾ ಎಂದು ಅವಳು ಕರೆಯಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ವೆಂಕಮ್ಮ ತಾನೇ ದೇವದುರ್ಗಕ್ಕೆ ಹೋಗಿ ಒಲೆ ಹೊತ್ತಿಸಿದಳು. ಬೆಳ್ಳುಳ್ಳಿ ಹಾಕಿ ಸಾರು, ಮೆಂತ್ಯದ ಕಡುಬು, ಬಿಸಿ ರೊಟ್ಟಿ. ವಿಶಾಖಾ ಎಲ್ಲವನ್ನೂ ಉಂಡಳು. ಚೆನ್ನಾಗಿದೆ ಎಂದು ಒಂದು ದಿನವೂ ಅನ್ನಲಿಲ್ಲ. ತಾಯಿ ಮಗಳು ಕೂಸಿನ ಬಗ್ಗೆ ಮಾತಾಡಿದರು, ಹಾಲಿನವನ ಬಗ್ಗೆ ಮಾತಾಡಿದರು, ಆ ಪಾಡ್ಯದ ಬಗ್ಗೆ ಆಡಲಿಲ್ಲ. ಬಸವಪ್ರಸಾದ ಭಾನುವಾರಕ್ಕೊಮ್ಮೆ ಸಿರವಾರಕ್ಕೆ ಹೋಗಿ ಬರುತ್ತಿದ್ದ. ಒಬ್ಬನೇ ಹೋಗುತ್ತಿದ್ದ, ಒಬ್ಬನೇ ಬರುತ್ತಿದ್ದ.

ಒಂದು ಭಾನುವಾರ ಅವನು ಹೊರಡುವಾಗ ವಿಶಾಖಾ ಕೂಸನ್ನು ಭುಜದ ಮೇಲೆ ಹಾಕಿಕೊಂಡು ಬಾಗಿಲಿಗೆ ಹೋಗಿ ಹೇಳಿದ್ದು ಒಳಗೆ ವೆಂಕಮ್ಮನಿಗೂ ಕೇಳಿಸಿತು.

“ನಿಮ್ಮವ್ವಾರಿಗೆ ಹೇಳ್ರಿ. ಇಲ್ಲಿ ನಮ್ಮವ್ವ ಅಡಗಿ ಮಾಡಾಕತ್ಯಾಳ, ತನ್ನ ಕೈಲೇನ. ಮೊಮ್ಮಗಳ್ನ ನೋಡೂದಿದ್ರ ಬಂದು ಉಂಡು ಹೋಗ್ಲಿ.”

ವೆಂಕಮ್ಮನ ಕೈಯಲ್ಲಿ ರೊಟ್ಟಿ ನಿಂತಿತು. ಆಮೇಲೆ ಇನ್ನೊಂದು ಮುಷ್ಟಿ ಹಿಟ್ಟು ತೆಗೆದು ನಾದಿದಳು.

ಆ ಭಾನುವಾರ ಚನ್ನಮಲ್ಲಮ್ಮ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಬರಲು ಬಿಡಲಿಲ್ಲವೋ, ಅವಳಿಗೇ ಮತ್ತೆ ಹಟ ಹುಟ್ಟಲಿಲ್ಲವೋ, ಅಳಿಯ ಹೇಳುವುದಿಲ್ಲ, ಇವರು ಕೇಳುವುದಿಲ್ಲ. ವೆಂಕಮ್ಮ ಮಾತ್ರ ದಿನವೂ ಒಬ್ಬರ ಪಾಲು ಹೆಚ್ಚಿಗೆ ಮಾಡುತ್ತಾಳೆ. ಹೊತ್ತು ಇಳಿಯುವ ತನಕ ಮುಚ್ಚಿಡುತ್ತಾಳೆ. ಆಮೇಲೆ ಅದನ್ನು ತಾನೇ, ಒಲೆಯ ಮುಂದೆ ಕೂತು, ಆರಿದ್ದನ್ನೇ ಉಣ್ಣುತ್ತಾಳೆ.